5.1 ಮಟ್ಟ ಹೊಂದಿಸುವ ಕೆಲಸ: ಸರೌಂಡ್ ಇಳಿಸಿದ ಮೇಲೆ ಮಾತು ಮುಂದೆ ಬಂತು

ನಮ್ಮ ಹೋಮ್ ಥಿಯೇಟರಿನ ಸ್ಪೀಕರ್‌ಗಳೆಲ್ಲ ಜಾಗಕ್ಕೆ ಕೂತಿವೆ, ವೈರುಗಳು ಗೋಡೆಯ ಬುಡಕ್ಕೆ ಸರಿದಿವೆ. ಇನ್ನು ಮಟ್ಟ ಹೊಂದಿಸಬೇಕು. 5.1 ಎಂದರೆ ಐದು ಸ್ಪೀಕರ್ (ಮುಂದೆ ಎಡ, ಬಲ, ನಡುವೆ ಸೆಂಟರ್, ಪಕ್ಕಗಳಲ್ಲಿ ಎರಡು ಸರೌಂಡ್), ಕೆಳಗಿನ ಸ್ವರಕ್ಕೆ ಒಂದು ಸಬ್‌ವೂಫರ್ (ಸಬ್). ಇವೆಲ್ಲದರ ಸದ್ದು ನಾವು ಕೂರುವ ಜಾಗಕ್ಕೆ ಒಂದೇ ಮಟ್ಟದಲ್ಲಿ ಬಂದು ಮುಟ್ಟಬೇಕು. ಹೊಸ ಸ್ಪೀಕರ್ ತರುವುದಕ್ಕಿಂತ, ದುಬಾರಿ ವೈರು ಎಳೆಯುವುದಕ್ಕಿಂತ ಈ ಕೆಲಸದಿಂದ ಸಿಗುವ ಫಲ ದೊಡ್ಡದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹಾಗಾಗಿ ಈ ಹಂತವನ್ನು ಸ್ವಲ್ಪ ವಿವರವಾಗಿಯೇ ಬರೆದಿಡುತ್ತಿದ್ದೇನೆ.

ಮೊದಲು ಟೇಪು

ಸೋಫಾದ ನಡುವಿನ ಸೀಟಿನಲ್ಲಿ ತಲೆ ಎಲ್ಲಿರುತ್ತದೋ ಅಲ್ಲಿಂದ ಅಳೆದೆ. ಮುಂದಿನ ಎಡ, ಬಲ ಎರಡೂ 3 ಮೀಟರ್. ಸೆಂಟರ್ 2.8. ಎಡ ಸರೌಂಡ್ 1.4. ಬಲಗಡೆ ಬಾಗಿಲು ಇರುವುದರಿಂದ ಅಲ್ಲಿನ ಸರೌಂಡನ್ನು ಗೋಡೆಯ ಹತ್ತಿರಕ್ಕೆ ಒಯ್ಯಬೇಕಾಯಿತು, ಅದು 2.2 ಮೀಟರ್ ದೂರದಲ್ಲಿದೆ. ಎರಡೂ ಸರೌಂಡ್‌ಗಳು ಕಿವಿಗಿಂತ ಸ್ವಲ್ಪ ಹಿಂದೆ, ಹೆಚ್ಚುಕಡಿಮೆ 110 ಡಿಗ್ರಿ ಕೋನದಲ್ಲಿವೆ.

ರಿಸೀವರ್‌ನ (ಎಲ್ಲ ಸ್ಪೀಕರ್‌ಗಳಿಗೂ ಸದ್ದು ಹಂಚುವ ಆಂಪ್ಲಿಫೈಯರ್ ಡಬ್ಬದ) ಮೆನುವಿನಲ್ಲಿ ದೂರ ತುಂಬಿದರೆ ಮಟ್ಟವೂ ತಾನಾಗಿ ಸರಿಹೋಗುತ್ತದೆ ಎಂದು ಅನೇಕರು ತಿಳಿದಿರುತ್ತಾರೆ. ಹಾಗಿಲ್ಲ. ಆ ಸೆಟ್ಟಿಂಗ್ ಹೊಂದಿಸುವುದು ಸಮಯವನ್ನು ಮಾತ್ರ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ, ಅಂದರೆ ಒಂದು ಮಿಲಿಸೆಕೆಂಡಿಗೆ 34 ಸೆಂಟಿಮೀಟರ್. 1.4 ಮೀಟರ್‌ನಲ್ಲಿರುವ ಸರೌಂಡಿನ ಸದ್ದು ಮುಂದಿನ ಸ್ಪೀಕರ್‌ಗಳಿಗಿಂತ ಐದು ಮಿಲಿಸೆಕೆಂಡಿನಷ್ಟು ಮೊದಲೇ ಕಿವಿಗೆ ಬೀಳುತ್ತದೆ. ರಿಸೀವರ್ ಅದನ್ನು ಅಷ್ಟು ಹೊತ್ತು ತಡೆದು ಬಿಡುತ್ತದೆ. ಆದರೆ ಹತ್ತಿರದ ಸ್ಪೀಕರಿನ ಜೋರು ಹಾಗೇ ಉಳಿಯುತ್ತದೆ. ಅದನ್ನು ಇಳಿಸಬೇಕಾದದ್ದು ಟ್ರಿಮ್‌ನಲ್ಲಿ, ಅಂದರೆ ಒಂದೊಂದು ಸ್ಪೀಕರಿನ ಮಟ್ಟವನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ಸೆಟ್ಟಿಂಗಿನಲ್ಲಿ.

ಮೀಟರ್ ಇಟ್ಟದ್ದು

ಸದ್ದಿನ ಮಟ್ಟವನ್ನು ಡೆಸಿಬೆಲ್‌ನಲ್ಲಿ ಅಳೆಯುವ ಎಸ್‌ಪಿಎಲ್ ಮೀಟರನ್ನು ಟ್ರೈಪಾಡಿಗೆ ಹಾಕಿ, ಕಿವಿಯ ಎತ್ತರಕ್ಕೆ, ಮೈಕ್ ಚಾವಣಿ ನೋಡುವಂತೆ ನಿಲ್ಲಿಸಿದೆ. ಕೈಯಲ್ಲಿ ಹಿಡಿದುಕೊಂಡು ಅಳೆದರೆ ನಮ್ಮ ಮೈಯೇ ಒಂದು ಕಡೆಯ ಸದ್ದಿಗೆ ಅಡ್ಡ ಬಂದು, ಇನ್ನೊಂದು ಕಡೆಯದನ್ನು ಮೈಕಿಗೆ ತಿರುಗಿಸುತ್ತದೆ. ಮೀಟರ್ ಸಿ ವೇಟಿಂಗ್‌ನಲ್ಲಿ (ಕೆಳಗಿನ ಸ್ವರಗಳನ್ನೂ ಹೆಚ್ಚುಕಡಿಮೆ ಪೂರ್ತಿ ಎಣಿಸುವ ಸೆಟ್ಟಿಂಗ್), ಅಂಕಿ ನಿಧಾನವಾಗಿ ಬದಲಾಗುವ ಸ್ಲೋ ಮೋಡ್‌ನಲ್ಲಿ ಇರಬೇಕು. ಎ ವೇಟಿಂಗ್ ಇಟ್ಟರೆ 50 ಹರ್ಟ್ಸ್ ಹತ್ತಿರ ಮೀಟರ್ 30 ಡೆಸಿಬೆಲ್‌ನಷ್ಟು ಕಡಿಮೆ ತೋರಿಸುತ್ತದೆ. ಆ ಲೆಕ್ಕ ನಂಬಿ ಸಬ್ ಏರಿಸಿದರೆ ಕಿಟಕಿ ಗಾಜು ನಡುಗುತ್ತದೆ.

ಮೀಟರ್ ಇಲ್ಲದವರು ಫೋನ್ ಆ್ಯಪ್‌ನಲ್ಲೂ ಮುಂದಿನ ಮೂರು ಸ್ಪೀಕರ್ ಮತ್ತು ಸರೌಂಡ್‌ಗಳನ್ನು ಹೊಂದಿಸಬಹುದು. ಎಲ್ಲವನ್ನೂ ಅದೇ ಮೈಕಿನಲ್ಲಿ ಅಳೆಯುವುದರಿಂದ ಒಂದಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಸರಿಯಾಗಿಯೇ ಸಿಗುತ್ತದೆ. ಸಬ್ ವಿಷಯದಲ್ಲಿ ಮಾತ್ರ ಫೋನನ್ನು ನಾನು ನಂಬುವುದಿಲ್ಲ. ಅದರ ಮೈಕ್ ಮಾತಿಗಾಗಿ ಇರುವಂಥದ್ದು, ಎಷ್ಟೋ ಫೋನ್‌ಗಳಲ್ಲಿ ಕೆಳಗಿನ ಸ್ವರವನ್ನು ಕತ್ತರಿಸಿಬಿಡುತ್ತಾರೆ.

ಗುರಿ 75 ಡೆಸಿಬೆಲ್. ಸಿನಿಮಾ ಮಿಕ್ಸ್ ಮಾಡುವ ಕೋಣೆಗಳಲ್ಲಿ ಪರದೆಯ ಹಿಂದಿನ ಪ್ರತಿ ಸ್ಪೀಕರನ್ನೂ, ಡಿಜಿಟಲ್ ಗರಿಷ್ಠ ಮಟ್ಟಕ್ಕಿಂತ 20 ಡೆಸಿಬೆಲ್ ಕೆಳಗಿರುವ ಪಿಂಕ್ ನಾಯ್ಸ್‌ಗೆ (ಎಲ್ಲ ಸ್ವರಗಳೂ ಬೆರೆತ, ಪರೀಕ್ಷೆಗೆ ಬಳಸುವ ಮೊರೆತ) 85 ಬರುವಂತೆ ಹೊಂದಿಸಿರುತ್ತಾರೆ. ಮನೆಯ ರಿಸೀವರ್‌ಗಳ ಟೆಸ್ಟ್ ಟೋನ್ ಸಾಮಾನ್ಯವಾಗಿ ಗರಿಷ್ಠಕ್ಕಿಂತ 30 ಡೆಸಿಬೆಲ್ ಕೆಳಗಿರುತ್ತದೆ, ಹಾಗಾಗಿ 75. ಲೆಕ್ಕ ಎರಡೂ ಕಡೆ ಒಂದೇ, ನಮ್ಮ ಕಿವಿಗೆ ಅಷ್ಟು ಹೊತ್ತು ಜೋರು ಸದ್ದು ಕೇಳುವ ಕಷ್ಟ ತಪ್ಪುತ್ತದೆ.

ಫ್ಯಾನ್ ನಿಲ್ಲಿಸಿ, ಎಲ್ಲ ಟ್ರಿಮ್ ಸೊನ್ನೆಗೆ ತಂದು ಓದಿದಾಗ ಬಂದ ಅಂಕಿಗಳು:

ಮುಂದಿನ ಎಡ 74
ಮುಂದಿನ ಬಲ 74.5
ಸೆಂಟರ್ 72
ಎಡ ಸರೌಂಡ್ 78.5
ಬಲ ಸರೌಂಡ್ 75

ಈ ಅಂಕಿಗಳನ್ನು ನೋಡಿ ಖುಷಿಯಾಯಿತು, ಏಕೆಂದರೆ ಒಂದೊಂದಕ್ಕೂ ಕಾರಣ ಸಿಗುತ್ತದೆ. ನನ್ನ ಮುಂದಿನ ಸ್ಪೀಕರ್‌ಗಳ ಸೆನ್ಸಿಟಿವಿಟಿ 89 ಡೆಸಿಬೆಲ್, ಸೆಂಟರಿನದು 86. ಅಷ್ಟೇ ಕರೆಂಟು ಕುಡಿದರೂ ಸೆಂಟರ್ ಮೂರು ಡೆಸಿಬೆಲ್ ಕಡಿಮೆ ಕೂಗುತ್ತದೆ, ಸ್ವಲ್ಪ ಹತ್ತಿರ ಇರುವುದರಿಂದ ಒಂದಿಷ್ಟು ವಾಪಸ್ ಸಿಕ್ಕಿದೆ. ಸರೌಂಡ್ ಎರಡೂ ಒಂದೇ ಜೋಡಿಯವು, ಅವುಗಳ ನಡುವಿನ 3.5 ಡೆಸಿಬೆಲ್ ಬರೀ ದೂರದ್ದು. ಬಯಲಿನಲ್ಲಿ ದೂರ ದುಪ್ಪಟ್ಟಾದರೆ 6 ಡೆಸಿಬೆಲ್ ಇಳಿಯುತ್ತದೆ. ಕೋಣೆಯೊಳಗೆ ಗೋಡೆಗಳು ತಿರುಗಿಸುವ ಸದ್ದೂ ಸೇರುವುದರಿಂದ ಇಳಿಕೆ ಕಡಿಮೆ.

ಟ್ರಿಮ್ ಹಾಕಿದ್ದು: ಎಡ +1, ಬಲ +0.5, ಸೆಂಟರ್ +3, ಎಡ ಸರೌಂಡ್ −3.5, ಬಲ ಸರೌಂಡ್ 0. ಮತ್ತೆ ಓದಿದಾಗ ಐದೂ 75ರ ಅರ್ಧ ಡೆಸಿಬೆಲ್ ಆಚೀಚೆ ನಿಂತವು.

ಮಾತಿನ ವಿಷಯ

ಸಿನಿಮಾ ನೋಡುವಾಗ ನಮ್ಮಮ್ಮನ ದೂರು ಯಾವಾಗಲೂ ಒಂದೇ. "ಮಾತೇ ಕೇಳ್ಸಲ್ಲ ಕಣೋ, ಜೋರು ಮಾಡಿದ್ರೆ ಹಿಂದಿಂದ ಕಿವಿಗೆ ಹೊಡೆಯತ್ತೆ." ಈ ದೂರಿಗೆ ಎಲ್ಲರೂ ಕೊಡುವ ಮದ್ದು ಸೆಂಟರನ್ನು ನಾಲ್ಕೈದು ಡೆಸಿಬೆಲ್ ಏರಿಸುವುದು. ನನಗೆ ಅದು ಒಪ್ಪಿಗೆಯಿಲ್ಲ. ಹಾಗೆ ಮಾಡಿದರೆ ಮಾತು ಟಿವಿಯ ಕೆಳಗಿನ ಡಬ್ಬದಿಂದ ಬಂದಂತಾಗುತ್ತದೆ, ಎಡದಿಂದ ಬಲಕ್ಕೆ ಹಾದುಹೋಗುವ ವಾಹನ ನಡುವೆ ಬಂದಾಗ ಇದ್ದಕ್ಕಿದ್ದಂತೆ ಉಬ್ಬುತ್ತದೆ. ಮೇಲಿನ ಅಂಕಿಗಳಲ್ಲಿ ಎಡ ಸರೌಂಡ್ ಸೆಂಟರಿಗಿಂತ 6.5 ಡೆಸಿಬೆಲ್ ಮೇಲಿದೆ. ಮಳೆ, ಜನಜಂಗುಳಿ, ಹಿನ್ನೆಲೆ ಸಂಗೀತ ಎಲ್ಲವೂ ಅಷ್ಟು ಎತ್ತರದಿಂದ ಮಾತಿನ ಮೇಲೆ ಕೂರುತ್ತಿತ್ತು. ಅದನ್ನು ತನ್ನ ಮಟ್ಟಕ್ಕೆ ಇಳಿಸಿ, ಸೆಂಟರನ್ನು ಅದರ ಮಟ್ಟಕ್ಕೆ ತಂದ ಮೇಲೆ ಅಮ್ಮ ರಿಮೋಟ್ ಕೇಳಲಿಲ್ಲ. ಪಿಸುಮಾತಿನ ದೃಶ್ಯದಲ್ಲೂ ಕೇಳಲಿಲ್ಲ.

ಸೆಂಟರ್ ಮುಂದೆ ಸ್ಟ್ಯಾಂಡಿನ ಹಲಗೆ ಒಂದು ಗೇಣು ಚಾಚಿಕೊಂಡಿತ್ತು. ಸ್ಪೀಕರನ್ನು ಹಲಗೆಯ ಅಂಚಿಗೆ ಎಳೆದು, ಮುಂಭಾಗವನ್ನು ಕಿವಿಯ ಕಡೆಗೆ ಸ್ವಲ್ಪ ಎತ್ತಿಟ್ಟೆ. ಮೀಟರಿನಲ್ಲಿ ಬದಲಾವಣೆ ಏನೂ ಇಲ್ಲ. ಸ, ಶ, ತ ಅಕ್ಷರಗಳು ಮಾತ್ರ ಬಿಡಿಬಿಡಿಯಾಗಿ ಕೇಳತೊಡಗಿದವು. ಈಗ ರುಚಿಗೆ ಒಂದು ಡೆಸಿಬೆಲ್ ಹೆಚ್ಚು ಬೇಕೆನ್ನುವವರು ಹಾಕಿಕೊಳ್ಳಲಿ, ನಾನು ಹಾಕಿಲ್ಲ.

ಸಬ್‌ವೂಫರ್

ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಇದು. ಇಲ್ಲಿ ಎರಡು ಕಡೆ ಮಟ್ಟ ಇರುತ್ತದೆ: ಸಬ್‌ನ ಬೆನ್ನಿನ ಗೇನ್ ನಾಬ್, ರಿಸೀವರ್ ಒಳಗಿನ ಟ್ರಿಮ್. ರಿಸೀವರ್ ತಾನೇ ಮೈಕಿನಲ್ಲಿ ಅಳೆದು ಹೊಂದಿಸುವ ಆಟೋ ಕ್ಯಾಲಿಬ್ರೇಶನ್ ಸಬ್‌ಗೆ −12 ಕೊಟ್ಟಿತ್ತು. ನನ್ನ ರಿಸೀವರ್‌ನಲ್ಲಿ ಅದೇ ಕೊನೆ. ಇನ್ನೂ ಎಷ್ಟು ಇಳಿಸಬೇಕಿತ್ತು ಎಂಬುದು ಆ ಅಂಕಿಯಿಂದ ತಿಳಿಯುವುದೇ ಇಲ್ಲ. ಗೇನ್ ನಾಬ್ ಇಳಿಸಿ ಮತ್ತೆ ನಡೆಸಿದಾಗ −4 ಬಂತು. ಎರಡೂ ಕಡೆ ತಿರುಗಿಸಲು ಜಾಗವಿರುವ ಇಂಥ ಅಂಕಿಯೇ ಬೇಕು. ಸಬ್ ಬೆನ್ನಿನ ಕ್ರಾಸ್‌ಓವರ್ ನಾಬ್ ಪೂರ್ತಿ ಮೇಲಕ್ಕೆ. ಯಾವ ಸ್ವರದ ಕೆಳಗಿನದು ಸಬ್‌ಗೆ ಹೋಗಬೇಕು ಎಂದು ನಿರ್ಧರಿಸುವ ಆ ಕೆಲಸ ರಿಸೀವರ್‌ನದು, ಅಲ್ಲಿ 80 ಹರ್ಟ್ಸ್ ಇಟ್ಟಿದ್ದೇನೆ.

ಸಿನಿಮಾದಲ್ಲಿ ಸ್ಫೋಟದಂಥ ಕೆಳಗಿನ ಸದ್ದಿಗೆಂದೇ ಇರುವ ಎಲ್‌ಎಫ್‌ಇ ಚಾನೆಲ್ 10 ಡೆಸಿಬೆಲ್ ಹೆಚ್ಚು ಇರಬೇಕು ಎಂಬ ಮಾತು ಕೇಳಿ ಸಬ್‌ಅನ್ನು 85ಕ್ಕೆ ಏರಿಸುವವರಿದ್ದಾರೆ. ಆ ಹತ್ತನ್ನು ರಿಸೀವರ್ ತಾನೇ ಸೇರಿಸಿಕೊಳ್ಳುತ್ತದೆ. ಟೆಸ್ಟ್ ಟೋನಿಗೆ ಸಬ್ ಕೂಡ 75ರಲ್ಲೇ ಇರಬೇಕು.

ಆಮೇಲೆ ಮೀಟರನ್ನು ಸೋಫಾದ ತುದಿಗಳಿಗೆ ಒಯ್ದೆ. ಸಬ್‌ನ ಸದ್ದು ನಡುವೆ 75, ಎಡ ತುದಿಯಲ್ಲಿ 79, ಬಲ ತುದಿಯಲ್ಲಿ 78. ಟ್ರಿಮ್ ಎಷ್ಟು ತಿರುಗಿಸಿದರೂ ಇದು ಹೋಗದು, ಇದು ಕೋಣೆಯ ಅಗಲದ ಗುಣ. ಎರಡು ಗೋಡೆಗಳ ನಡುವೆ 4 ಮೀಟರ್ ಇದ್ದರೆ 43 ಹರ್ಟ್ಸ್ ಆಸುಪಾಸಿನ ಸ್ವರ ಗೋಡೆಯ ಬಳಿ ಉಬ್ಬಿ, ಸರಿ ಮಧ್ಯದಲ್ಲಿ ಬತ್ತುತ್ತದೆ. ಸಬ್ ಇದ್ದದ್ದು ಮುಂದಿನ ಮೂಲೆಯಲ್ಲಿ, ಈ ಅಲೆಯನ್ನು ಅತಿ ಹೆಚ್ಚು ಎಬ್ಬಿಸುವ ಜಾಗವೇ ಅದು. ಅಗಲದ ನಡುವಿನಲ್ಲಿಟ್ಟ ಸಬ್ ಅದನ್ನು ಎಬ್ಬಿಸುವುದೇ ಕಡಿಮೆ. ಹಾಗಾಗಿ ಸಬ್‌ಅನ್ನು ಮೂಲೆಯಿಂದ ಎತ್ತಿ ಮುಂದಿನ ಗೋಡೆಯ ಮಧ್ಯದ ಹತ್ತಿರ, ಸ್ಟ್ಯಾಂಡಿನ ಪಕ್ಕಕ್ಕೆ ತಂದೆ. ಮೂಲೆಯ ಒತ್ತು ತಪ್ಪಿ ಸದ್ದು ಮೂರು ಡೆಸಿಬೆಲ್ ಇಳಿಯಿತು, ಟ್ರಿಮ್ −1ಕ್ಕೆ ಬಂತು. ಈಗಿನ ಅಂಕಿ: ನಡುವೆ 75, ತುದಿಗಳಲ್ಲಿ 76.5 ಮತ್ತು 76. ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಸಂತೋಷ ಕೊಟ್ಟ ಸಾಲು ಇದೇ. ಸೋಫಾದ ಮೇಲೆ ಯಾರು ಎಲ್ಲಿ ಕೂತರೂ ಒಂದೇ ಸಿನಿಮಾ ಕೇಳುತ್ತಾರೆ.

ಸಬ್ ದೂರವನ್ನು ರಿಸೀವರ್ 4.5 ಮೀಟರ್ ಎನ್ನುತ್ತದೆ, ಟೇಪಿನಲ್ಲಿ 3.1. ಸಬ್ ಒಳಗಿನ ಸರ್ಕ್ಯೂಟ್ ನಾಲ್ಕು ಮಿಲಿಸೆಕೆಂಡಿನಷ್ಟು ತಡ ಮಾಡುವುದನ್ನು ರಿಸೀವರ್ ದೂರವೆಂದು ಲೆಕ್ಕ ಹಾಕಿದೆ. ಅದನ್ನು ಮುಟ್ಟಬಾರದು.

ಉಳಿದದ್ದು

ಈ ಸಮತೋಲನ ವಾಲ್ಯೂಮ್ 0 (ಸಿನಿಮಾ ಮಿಕ್ಸ್ ಕೋಣೆಯ ಮಟ್ಟ) ಹತ್ತಿರ ಇದ್ದಾಗ ನಿಜ. ನಾವು ನೋಡುವುದು −20ರ ಸುತ್ತ. ಸದ್ದು ಇಳಿದಂತೆ ನಮ್ಮ ಕಿವಿ ಕೆಳಗಿನ ಸ್ವರಗಳನ್ನು ಬೇಗ ಕಳೆದುಕೊಳ್ಳುತ್ತದೆ. ಸಂಶೋಧಕರಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ರೇಖೆಗಳಲ್ಲಿ ತೋರಿಸಿದ್ದರು. ರಿಸೀವರ್‌ನ ಡೈನಾಮಿಕ್ ಈಕ್ಯೂ ಇದಕ್ಕೆಂದೇ ಇದೆ, ಆದರೆ ಬಾಸ್ ಜತೆಗೆ ಸರೌಂಡನ್ನೂ ಏರಿಸುತ್ತದೆ, ಇಳಿಸಿದ್ದನ್ನು ಮತ್ತೆ ಮಾತಿನ ಮೇಲೆ ತರುತ್ತದೆ. ಸದ್ಯಕ್ಕೆ ಅದನ್ನು ಆಫ್ ಮಾಡಿ, ಸಬ್ ಟ್ರಿಮ್ ಮಾತ್ರ 2 ಡೆಸಿಬೆಲ್ ಏರಿಸಿ ಕೇಳುತ್ತಿದ್ದೇನೆ. ಮುಂದಿನ ಹಂತ ಕ್ಯಾಲಿಬ್ರೇಶನ್ ಫೈಲ್ ಇರುವ ಯುಎಸ್‌ಬಿ ಮೈಕ್, ಕೋಣೆಯ ಸದ್ದನ್ನು ಅಳೆಯುವ ರೂಮ್ ಈಕ್ಯೂ ವಿಝಾರ್ಡ್ ತಂತ್ರಾಂಶ, ಮತ್ತು 80 ಹರ್ಟ್ಸ್ ಬಳಿ ಸಬ್ ಹಾಗೂ ಸೆಂಟರ್ ಒಂದನ್ನೊಂದು ಕೂಡುತ್ತಿವೆಯೋ ಕಳೆಯುತ್ತಿವೆಯೋ ಎಂದು ನೋಡುವುದು.