ಮಾಲ್ವರ್ನ್ ಲಿಂಕ್: ಮೂರು ಗಾಲಿಯ ಮಾರ್ಗನ್ ಹುಟ್ಟಿದ ಊರಿಗೆ

ಲಂಡನ್ನಿನ ಪ್ಯಾಡಿಂಗ್ಟನ್‌ನಿಂದ ಗ್ರೇಟ್ ಮಾಲ್ವರ್ನ್‌ಗೆ ನೇರ ರೈಲಿದೆ, ಹೆಚ್ಚುಕಡಿಮೆ ಎರಡೂವರೆ ಗಂಟೆಯ ದಾರಿ. ಮಾರ್ಗನ್ ಎಂಬ ಬ್ರಿಟಿಷ್ ಗಾಡಿಗಳ ಹುಟ್ಟೂರು ನೋಡಲು ಹೊರಟವರು ಅಲ್ಲಿಯವರೆಗೆ ಹೋಗಬೇಕಾಗಿಲ್ಲ. ಒಂದು ನಿಲ್ದಾಣ ಮೊದಲೇ, ಮಾಲ್ವರ್ನ್ ಲಿಂಕ್‌ನಲ್ಲಿ ಇಳಿಯಬೇಕು. ಬರ್ಮಿಂಗ್‌ಹ್ಯಾಮ್‌ನಿಂದ ಹೆರಿಫರ್ಡ್ ಕಡೆಗೆ ಹೋಗುವ ರೈಲುಗಳೂ ಇಲ್ಲಿ ನಿಲ್ಲುತ್ತವೆ. ನಿಲ್ದಾಣದಿಂದ ಹೊರಬಂದರೆ ಪಶ್ಚಿಮಕ್ಕೆ ಮಾಲ್ವರ್ನ್ ಗುಡ್ಡಗಳು ಕಾಣುತ್ತವೆ. ಅತಿ ಎತ್ತರದ ವುಸ್ಟರ್‌ಶೈರ್ ಬೀಕನ್ ಕೂಡ 425 ಮೀಟರ್ ಅಷ್ಟೇ. ಆದರೆ ಗುಡ್ಡ ಬಯಲಿನಿಂದ ಒಮ್ಮೆಲೇ ಎದ್ದಿರುವುದರಿಂದ ಊರಿನ ರಸ್ತೆಗಳೆಲ್ಲ ಏರು, ಇಳಿಜಾರು. ನೂರಿಪ್ಪತ್ತು ವರ್ಷದ ಹಿಂದಿನ ಭಾರದ ಕಾರುಗಳು ಇಂಥ ಊರಿನಲ್ಲಿ ಏದುಸಿರು ಬಿಡುತ್ತಿದ್ದವು. ಹಗುರವಾದ ಗಾಡಿಯ ಯೋಚನೆ ಇಲ್ಲಿ ಹುಟ್ಟಿದ್ದು ಸಹಜವೇ.

ಮೊದಲು ವುಸ್ಟರ್ ರಸ್ತೆಗೆ ಹೋಗಿ. ಈ ಗಾಡಿಗಳ ಜನಕ ಎಚ್.ಎಫ್.ಎಸ್. ಮಾರ್ಗನ್ ಗ್ರೇಟ್ ವೆಸ್ಟರ್ನ್ ರೈಲ್ವೆಯ ಸ್ವಿಂಡನ್ ಕಾರ್ಯಾಗಾರದಲ್ಲಿ ತರಬೇತಿ ಪಡೆದು, ಆ ಕೆಲಸ ಬಿಟ್ಟು ಬಂದು ಗ್ಯಾರೇಜು ತೆರೆದದ್ದು ಈ ರಸ್ತೆಯಲ್ಲಿ. ವೂಲ್ಸ್ಲಿ, ಡರಾಕ್ ಕಾರುಗಳ ಏಜೆನ್ಸಿ ಹಿಡಿದರು, ಸುತ್ತಲಿನ ಊರುಗಳಿಗೆ ಬಾಡಿಗೆ ಬಸ್ಸನ್ನೂ ಓಡಿಸಿದರು. ಬೈಕಿಗೆಂದು ತಂದಿಟ್ಟಿದ್ದ 7 ಅಶ್ವಶಕ್ತಿಯ ಪ್ಯೂಜೊ ಎಂಜಿನ್ನು ಮೂರು ಗಾಲಿಯ ಗಾಡಿಗೆ ಸೇರಿದ್ದು 1909ರಲ್ಲಿ. ಲೇತು, ಉಪಕರಣಗಳ ನೆರವು ಸಿಕ್ಕಿದ್ದು ಗ್ರೇಟ್ ಮಾಲ್ವರ್ನ್‌ನ ಇನ್ನೊಂದು ಬದಿಯಲ್ಲಿರುವ ಮಾಲ್ವರ್ನ್ ಕಾಲೇಜಿನಿಂದ. ಅಲ್ಲಿನ ಎಂಜಿನಿಯರಿಂಗ್ ಮೇಷ್ಟ್ರು ಸ್ಟೀಫನ್‌ಸನ್-ಪೀಚ್ ಬೆಂಬಲಕ್ಕೆ ನಿಂತರು. ಬಂಡವಾಳ ಕೊಟ್ಟವರು ತಂದೆ, ಸ್ಟೋಕ್ ಲೇಸಿ ಎಂಬ ಹಳ್ಳಿಯ ಪಾದ್ರಿ ಜಾರ್ಜ್ ಮಾರ್ಗನ್. 1912ರಲ್ಲಿ ಕಂಪನಿ ನೋಂದಣಿಯಾದಾಗ ಅಧ್ಯಕ್ಷರಾದವರೂ ಅವರೇ.

ಅಲ್ಲಿಂದ ಪಿಕರ್ಸ್ಲಿ ರಸ್ತೆಯ ಕಾರ್ಖಾನೆಗೆ ನಡೆದೇ ಹೋಗಬಹುದು. ಜಾಗ ಕೊಂಡದ್ದು ಮೊದಲ ಮಹಾಯುದ್ಧಕ್ಕೆ ಮುಂಚೆ. ಕೆಲಸವೆಲ್ಲ ಇಲ್ಲಿಗೆ ಬಂದದ್ದು ಯುದ್ಧ ಮುಗಿದ ಮೇಲೆ. ಒಳಗಿನ ಸುತ್ತಾಟಕ್ಕೆ ಮುಂಗಡವಾಗಿ ಕಾಯ್ದಿರಿಸಬೇಕು. ವಾರದ ನಡುವಿನ ದಿನ ಆರಿಸಿಕೊಳ್ಳುವುದು ಮೇಲು, ಕೆಲಸ ನಡೆಯುವಾಗ ನೋಡಿದರೇ ಚೆಂದ. ಕಾಲು ಪೂರ್ತಿ ಮುಚ್ಚುವ ಶೂ ಹಾಕಿಕೊಳ್ಳಿ. ಹಳೆಯ ಇಟ್ಟಿಗೆಯ ಶೆಡ್ಡುಗಳು ಇಳಿಜಾರಿನಲ್ಲಿ ಸಾಲಾಗಿವೆ. ಅರ್ಧ ಕಟ್ಟಿದ ಗಾಡಿಯನ್ನು ಒಂದು ಶೆಡ್ಡಿನಿಂದ ಇನ್ನೊಂದಕ್ಕೆ ಕೈಯಲ್ಲೇ ತಳ್ಳಿಕೊಂಡು ಹೋಗುವ ಪದ್ಧತಿ ಈ ಇಳಿಜಾರಿನಿಂದಲೇ ಬೆಳೆದದ್ದು. ಮರಗೆಲಸದ ಶೆಡ್ಡಿನಲ್ಲಿ ತಪ್ಪದೆ ನಿಲ್ಲಿ. ಆಶ್ ಮರದ ಮೂರು ತೆಳು ಹಲಗೆಗಳಿಗೆ ಅಂಟು ಬಳಿದು, ಅಚ್ಚಿನಲ್ಲಿ ಬಗ್ಗಿಸಿ, ಕ್ಲಾಂಪು ಬಿಗಿದು ಒಣಗಲು ಬಿಡುತ್ತಾರೆ. ಹಿಂಗಾಲಿಯ ಕಮಾನು ತಯಾರಾಗುವುದು ಹಾಗೆ.

ಹಳೆಯ ಮೂರು ಗಾಲಿಯ ಗಾಡಿ ಕಣ್ಣಿಗೆ ಬಿದ್ದರೆ ಮೈಬಣ್ಣ ನೋಡುತ್ತ ನಿಲ್ಲಬೇಡಿ, ಮುಂದೆ ಮಂಡಿಯೂರಿ ಕುಳಿತು ನೋಡಿ. ನಮ್ಮ ಆಟೋರಿಕ್ಷಾಕ್ಕೆ ಇದು ತಿರುವುಮುರುವು: ಎರಡು ಗಾಲಿ ಮುಂದೆ, ಒಂದು ಹಿಂದೆ. ಎಂಜಿನ್ನು, ಸವಾರರ ಭಾರದ ಬಹುಪಾಲು ಮುಂದಿನ ಜೋಡಿಗಾಲಿಗಳ ಕಡೆ ಬೀಳುವುದರಿಂದ ತಿರುವಿನಲ್ಲಿ ಬ್ರೇಕ್ ಹಾಕಿದಾಗ ಮಗುಚುವ ಭಯ ಕಡಿಮೆ. ಪ್ರತಿ ಮುಂಗಾಲಿಯ ಬಳಿ ನೆಟ್ಟಗೆ ನಿಂತ ಒಂದು ಉಕ್ಕಿನ ಪಿನ್ನು ಇದೆ. ಗಾಲಿಯನ್ನು ಹೊತ್ತ ತುಂಡು ಇದೇ ಪಿನ್ನಿನುದ್ದಕ್ಕೂ ಮೇಲೆ ಕೆಳಗೆ ಜಾರುತ್ತದೆ, ಸ್ಟೀರಿಂಗ್ ತಿರುಗಿಸಿದಾಗ ಅದರ ಮೇಲೆಯೇ ತಿರುಗುತ್ತದೆ. ಮೇಲ್ಗಡೆ ದೊಡ್ಡ ಸ್ಪ್ರಿಂಗು, ವಾಪಸ್ಸಿನ ಏಟು ತಡೆಯಲು ಕೆಳಗಡೆ ಚಿಕ್ಕದು. ಸ್ಲೈಡಿಂಗ್ ಪಿಲ್ಲರ್ ಎಂದು ಹೆಸರಾದ ಸಸ್ಪೆನ್ಷನ್ ಇದೇ. ಒಂದು ಗಾಲಿ ಹಳ್ಳಕ್ಕೆ ಬಿದ್ದರೆ ಇನ್ನೊಂದಕ್ಕೆ ತಟ್ಟದು.

ದೌರ್ಬಲ್ಯವೂ ಇಲ್ಲೇ. ಜಾರುವ ಭಾಗ ರಸ್ತೆಯ ಧೂಳಿಗೆ ಸಮೀಪವಿದ್ದು, ಗ್ರೀಸು ಒಣಗಿದರೆ ಧೂಳು ಮರಳುಕಾಗದದ ಕೆಲಸ ಮಾಡಿ ಪಿನ್ನನ್ನು ಸುತ್ತಿರುವ ಬುಷ್ ಎಂಬ ಬಳೆಗಳನ್ನು ಸವೆಸುತ್ತದೆ. ಸವೆದ ಬುಷ್‌ನ ಮೊದಲ ಲಕ್ಷಣ ಮುಂಗಾಲಿಗಳ ಅದುರಾಟ. ಕೊಳ್ಳುವ ಉದ್ದೇಶವಿದ್ದರೆ ಮುಂಭಾಗವನ್ನು ಜ್ಯಾಕಿನ ಮೇಲೆತ್ತಿ, ಗಾಲಿಯ ತಲೆ ಮತ್ತು ಬುಡ ಹಿಡಿದು ಅಲುಗಾಡಿಸಿ. ಆಟ, ಎಂದರೆ ಸಡಿಲ ಅಲುಗಾಟ, ಕಂಡರೆ ಅದು ಗಾಲಿಯ ಬೇರಿಂಗಿನದೋ ಪಿಲ್ಲರಿನದೋ ನೋಡಿಕೊಳ್ಳಿ. ಒಬ್ಬರು ಬ್ರೇಕ್ ಹಿಡಿದು ಡ್ರಮ್ಮು ಬಿಗಿದಾಗಲೂ ಆಟ ಉಳಿದರೆ ತೊಂದರೆ ಪಿಲ್ಲರಿನಲ್ಲಿದೆ. ಈ ಉಪಾಯ ಮುಂಗಾಲಿಗೆ ಬ್ರೇಕ್ ಇರುವ ಗಾಡಿಗಳಿಗಷ್ಟೇ.

ಎಂಜಿನ್ನಿನಿಂದ ಹಿಂದಕ್ಕೆ ಬರೋಣ. ಹೆಚ್ಚಿನ ಗಾಡಿಗಳಲ್ಲಿ ಜೆ.ಎ.ಪಿ. ಕಂಪನಿಯ ವಿ-ಟ್ವಿನ್ (ವಿ ಆಕಾರದಲ್ಲಿ ಜೋಡಿಸಿದ ಎರಡು ಸಿಲಿಂಡರಿನ ಎಂಜಿನ್ನು), ಬ್ಲ್ಯಾಕ್‌ಬರ್ನ್, ಆಂಜಾನಿ, ಮ್ಯಾಚ್‌ಲೆಸ್ ಕೂಡ ಉಂಟು. ಗಾಡಿಯ ಬೆನ್ನೆಲುಬು ಒಂದು ಕೊಳವೆ, ಅದರೊಳಗೆ ತಿರುಗುವ ಶಾಫ್ಟು. ಹಿಂತುದಿಯಲ್ಲಿ ಆ ತಿರುಗಾಟವನ್ನು ಅಡ್ಡಕ್ಕೆ ತಿರುಗಿಸುವ ಬೆವೆಲ್ ಗೇರು, ಅಲ್ಲಿಂದ ಹಿಂಗಾಲಿಗೆ ಎಡಕ್ಕೊಂದು ಬಲಕ್ಕೊಂದು ಚೈನು. ಒಂದು ನಿಧಾನಕ್ಕೆ, ಇನ್ನೊಂದು ವೇಗಕ್ಕೆ. ಚೈನುಗಳೆರಡೂ ಸದಾ ಸುತ್ತುತ್ತಿರುತ್ತವೆ. ಹಲ್ಲುಳ್ಳ ಜಾರುತುಂಡು ಯಾವ ಕಡೆ ಕಚ್ಚಿಕೊಳ್ಳುತ್ತದೋ ಆ ಗೇರು. ರಿವರ್ಸ್ ಇಲ್ಲ, ಇಳಿದು ತಳ್ಳಬೇಕು. ಮೂರು ಗೇರು ಮತ್ತು ರಿವರ್ಸ್ ಬಂದದ್ದು 1930ರ ದಶಕದ ಆರಂಭದಲ್ಲಿ. ಎರಡು ಗೇರಿನ ಗಾಡಿಗಳಲ್ಲಿ ಪದೇಪದೇ ಕಾಣುವ ತೊಂದರೆ ಇದು: ವೇಗದ ಚೈನಿಗೆ ದುಡಿಮೆ ಹೆಚ್ಚು, ಅದು ಬೇಗ ಉದ್ದವಾಗುತ್ತದೆ. ಅದನ್ನು ಬಿಗಿ ಮಾಡಲು ಆ್ಯಕ್ಸಲ್ ಹಿಂದಕ್ಕೆ ಎಳೆದರೆ ಇನ್ನೊಂದು ಚೈನು ಅತಿಯಾಗಿ ಬಿಗಿಯುತ್ತದೆ. ಒಂದೇ ಬದಿ ಎಳೆದರೆ ಗಾಲಿ ಓರೆಯಾಗುತ್ತದೆ. ಹಾಗಾಗಿ ಚೈನುಗಳನ್ನು ಜೋಡಿಯಾಗಿಯೇ ಬದಲಿಸುವುದು ಒಳ್ಳೆಯದು. ಚೈನಿಗೆ ಅತಿಯಾಗಿ ಎಣ್ಣೆ ಹಾಕಿದರೂ ಕಷ್ಟ, ಅದು ಸಿಡಿದು ಹಿಂಗಾಲಿಯ ಬ್ರೇಕ್ ಪಟ್ಟಿಗೆ ಸೇರಿದರೆ ಹಿಡಿತ ಹೋಗುತ್ತದೆ.

ಚಾಲೂ ಮಾಡುವುದು ಒಂದು ವಿಧಿಯೇ ಸರಿ. ಪೆಟ್ರೋಲಿನ ನಲ್ಲಿಯನ್ನು ತೆರೆದು, ಎಣ್ಣೆಯ ತೊಟ್ಟು ಬೀಳುವುದನ್ನು ಗಾಜಿನ ಕಿಂಡಿಯಲ್ಲಿ ನೋಡಿಕೊಂಡು, ಇಗ್ನಿಷನ್, ಎಂದರೆ ಕಿಡಿ ಹಾರುವ ಸಮಯ, ಹಿಂದಕ್ಕೆ ಇಟ್ಟು, ಗೇರು ನ್ಯೂಟ್ರಲ್‌ನಲ್ಲಿದೆಯೆಂದು ಖಚಿತಪಡಿಸಿಕೊಂಡು, ವಾಲ್ವ್ ಎತ್ತುವ ಲಿವರ್ ಹಿಡಿದು ಹ್ಯಾಂಡಲ್ ಸುತ್ತಬೇಕು. ವೇಗ ಬಂದೊಡನೆ ಲಿವರ್ ಬಿಡಬೇಕು. ಇಗ್ನಿಷನ್ ಮುಂದಕ್ಕಿದ್ದರೆ ಹ್ಯಾಂಡಲ್ ಒದೆಯುತ್ತದೆ, ಮಣಿಕಟ್ಟು ಮುರಿಯಬಹುದು. ಆ್ಯಕ್ಸಿಲರೇಟರ್ ಕಾಲಡಿಯಲ್ಲಿಲ್ಲ, ಸ್ಟೀರಿಂಗ್ ಮೇಲಿನ ಲಿವರಿನಲ್ಲಿದೆ. ಎಂಜಿನ್ನಿಗೆ ಹೋದ ಎಣ್ಣೆ ವಾಪಸ್ಸು ಬರುವುದಿಲ್ಲ, ಉರಿದೇ ಹೋಗುತ್ತದೆ. ಸ್ವಲ್ಪ ನೀಲಿ ಹೊಗೆ ಕಂಡರೆ ಗಾಬರಿ ಬೇಡ. ಹೊಗೆಯೇ ಇಲ್ಲವೆಂದರೆ ಎಣ್ಣೆಯ ಕಿಂಡಿ ನೋಡಬೇಕು.

1910ರಲ್ಲಿ ಲಂಡನ್ನಿನ ಒಲಿಂಪಿಯಾ ವಾಹನ ಪ್ರದರ್ಶನದಲ್ಲಿ ಇಟ್ಟ ಗಾಡಿಗೆ ಒಂದೇ ಸೀಟು, ತಿರುಗಿಸಲು ದೋಣಿಯ ಚುಕ್ಕಾಣಿಯಂಥ ಹಿಡಿ. ಮೆಚ್ಚಿದವರು ಹಲವರು, ಕೊಂಡವರು ಕೆಲವರು. ಮರುವರ್ಷ ಎರಡು ಸೀಟು, ಸ್ಟೀರಿಂಗ್ ಚಕ್ರ ಬಂದವು. ಲಂಡನ್ನಿನ ಹ್ಯಾರಡ್ಸ್ ಮಳಿಗೆ ಅದನ್ನು ತನ್ನ ಕಿಟಕಿಯಲ್ಲೇ ಮಾರಾಟಕ್ಕಿಟ್ಟಿತು. 1912ರಲ್ಲಿ ಬ್ರೂಕ್‌ಲ್ಯಾಂಡ್ಸ್ ರೇಸ್ ಟ್ರ್ಯಾಕಿನಲ್ಲಿ ಮಾರ್ಗನ್ ತಾವೇ ಓಡಿಸಿ ಒಂದು ಗಂಟೆಗೆ 60 ಮೈಲಿಯ ಹತ್ತಿರ ಕ್ರಮಿಸಿದರು. 1913ರಲ್ಲಿ ಫ್ರಾನ್ಸಿನ ಆಮ್ಯೆನ್ಸ್‌ನ ಸೈಕಲ್‌ಕಾರ್ (ಇಂಥ ಹಗುರ, ಅಗ್ಗದ ಪುಟ್ಟ ಕಾರು) ಗ್ರಾನ್ ಪ್ರಿಯಲ್ಲಿ ಮಾರ್ಗನ್ ಓಡಿಸಿದ ಮ್ಯಾಕ್‌ಮಿನ್ನೀಸ್ ಮೊದಲು ಗುರಿ ಮುಟ್ಟಿದರು.

ತೆರಿಗೆ ಉಳಿಯುತ್ತಿದ್ದುದರಿಂದಲೇ ಮಾರ್ಗನ್ ಬದುಕಿತು ಎನ್ನುವವರಿದ್ದಾರೆ. ಅದು ಅರ್ಧ ಸತ್ಯ. 1921ರಿಂದ ಬ್ರಿಟನ್ನಿನಲ್ಲಿ ಕಾರಿಗೆ ಅಶ್ವಶಕ್ತಿಗೆ 1 ಪೌಂಡಿನಂತೆ ತೆರಿಗೆ. 8 ಹಂಡ್ರೆಡ್‌ವೇಟ್, ಎಂದರೆ ಸುಮಾರು 406 ಕೆಜಿ ಮೀರದ ಮೂರು ಗಾಲಿಗೆ ಬರೀ 4 ಪೌಂಡು. ಆಸ್ಟಿನ್ ಸೆವೆನ್ ಕಾರಿಗೆ ಅದರ ಇಮ್ಮಡಿ. ನಮ್ಮ ಬೆಂಗಳೂರಿನ ರೇವಾ ಕಾರು ಲಂಡನ್ನಿನಲ್ಲಿ ಜಿ-ವಿಝ್ ಹೆಸರಿನಲ್ಲಿ ಓಡಾಡಿದಾಗಲೂ ಇಂಥದೇ ಅನುಕೂಲವಿತ್ತು: ನಿಯಮದಲ್ಲಿ ಅದು ಕಾರಲ್ಲ, ಕ್ವಾಡ್ರಿಸೈಕಲ್ ಎಂಬ ನಾಲ್ಕು ಗಾಲಿಯ ಹಗುರ ವಾಹನ, ನಗರದ ದಟ್ಟಣೆ ಶುಲ್ಕದಿಂದಲೂ ವಿನಾಯಿತಿ. ಆದರೆ 1922ರಲ್ಲಿ ಆಸ್ಟಿನ್ ಸೆವೆನ್ ಬಂದ ಮೇಲೆ ಸೈಕಲ್‌ಕಾರುಗಳು ಒಂದೊಂದಾಗಿ ಮಾಯವಾದವು, ಹಗುರತನಕ್ಕೆ ಹೆಸರಾಗಿದ್ದ ಜಿ.ಎನ್. ಕೂಡ. ಮಾರ್ಗನ್ನಿನ ಮೂರು ಗಾಲಿ ಮಾತ್ರ 1952ರವರೆಗೆ ಬಾಳಿತು. ರಸ್ತೆಗೆ ಅಂಟಿಕೊಂಡು ಓಡುವ ಆ ಮುಂಭಾಗವೇ ಇದಕ್ಕೆ ಕಾರಣ ಎಂಬುದು ನಮ್ಮ ದೃಢ ಅಭಿಪ್ರಾಯ. ಅದೇ ಸ್ಲೈಡಿಂಗ್ ಪಿಲ್ಲರ್ 1936ರ ನಾಲ್ಕು ಗಾಲಿಯ 4-4 ಕಾರಿಗೂ ಹೋಯಿತು.

ಮೂರು ಗಾಲಿ 2011ರಲ್ಲಿ ಮರಳಿ ಬಂತು, ಅಮೆರಿಕದ ಎಸ್ ಅಂಡ್ ಎಸ್ ವಿ-ಟ್ವಿನ್ ಹೊತ್ತು. 2022ರ ಸೂಪರ್ 3 ಗಾಡಿಯಲ್ಲಿ ಫೋರ್ಡಿನ ಮೂರು ಸಿಲಿಂಡರಿನ 1.5 ಲೀಟರ್ ಎಂಜಿನ್ನು, ಅಲ್ಯುಮಿನಿಯಂ ಒಡಲು. ಆಶ್ ಚೌಕಟ್ಟು ಇಲ್ಲ. ಹಳೆಯ ಗಾಡಿಗಳನ್ನು ಓಡುವಾಗ ನೋಡಬೇಕೆಂದರೆ 1945ರಲ್ಲಿ ಶುರುವಾದ ಮಾರ್ಗನ್ ತ್ರೀ ವೀಲರ್ ಕ್ಲಬ್ಬಿನ ಕೂಟಗಳಿಗೆ ಹೋಗಿ.

ಇನ್ನರ್ಧ ದಿನವಿದ್ದು ಬಾಡಿಗೆ ಕಾರೂ ಇದ್ದರೆ ಬ್ರಾಮ್‌ಯಾರ್ಡ್ ಮೂಲಕ ಸ್ಟೋಕ್ ಲೇಸಿಗೆ ಹೋಗಿಬನ್ನಿ, ಸುಮಾರು 25 ಕಿಮೀ. ಪಾದ್ರಿ ಮಾರ್ಗನ್ ಸೇವೆ ಸಲ್ಲಿಸಿದ ಚರ್ಚು ಅಲ್ಲಿದೆ. ಬ್ರಾಮ್‌ಯಾರ್ಡ್‌ನಿಂದ ಹೆರಿಫರ್ಡ್‌ಗೆ ಹೋಗುವ ಈ ದಾರಿಯ ಇಳಿಜಾರೊಂದರಲ್ಲೇ ಹದಿಹರೆಯದ ಮಾರ್ಗನ್ ಬಾಡಿಗೆಗೆ ತಂದ ಬೆಂಜ್ ಕಾರಿನ ಬ್ರೇಕ್ ಹಿಡಿಯದೆ ಗಾಡಿ ಕೈಮೀರಿ ಓಡಿತು. ರಿಪೇರಿಗೆ ತಂದೆ ತೆತ್ತದ್ದು 28 ಪೌಂಡು. ಅದಾಗಿಯೂ ಅವರ ಗಾಡಿಗಳ ಮುಂಗಾಲಿಗೆ ಬ್ರೇಕ್ ಬಂದದ್ದು 1923ರಲ್ಲಿ, ಅದೂ ಕೇಳಿದವರಿಗೆ ಮಾತ್ರ.