ಎಪ್ಕಾಟ್‌ನ ಮೊರಾಕೊ ಡೂಪ್ಲಿಕೇಟ್ ಅಲ್ವಾ?

ಊರಿಗೆ ಬಂದಾಗಲೆಲ್ಲ ಇದೇ ಪ್ರಶ್ನೆ. "ಫ್ಲೋರಿಡಾದಲ್ಲಿ ಇದ್ದೀಯಲ್ಲ, ಆ ಡಿಸ್ನಿಯವರ ಎಪ್ಕಾಟ್ ಪಾರ್ಕ್‌ನಲ್ಲಿ ಕೆರೆ ಸುತ್ತ ಮೊರಾಕೊ, ಫ್ರಾನ್ಸ್ ಅಂತ ಹನ್ನೊಂದು ದೇಶದ ಮಾದರಿ ಕಟ್ಟಿದ್ದಾರಂತೆ. ಎಲ್ಲ ಡೂಪ್ಲಿಕೇಟ್ ಅಲ್ವಾ? ಅದಕ್ಕೆ ಅಷ್ಟು ದುಡ್ಡು ಯಾಕೆ?" ಹೇಳಿ ಹೇಳಿ ಸಾಕಾಗಿದೆ. ಇಲ್ಲಿ ಬರೆದುಬಿಡುತ್ತೇನೆ.

ಆ "ಅಲ್ವಾ" ನನಗೆ ಹಿಡಿಸುವುದಿಲ್ಲ. ಉತ್ತರ ಮೊದಲೇ ತೀರ್ಮಾನ ಮಾಡಿಕೊಂಡವರು ಹೀಗೆ ಕೇಳುತ್ತಾರೆ. ಜಾಸ್ತಿ ಜನ ಅಲ್ಲಿಗೆ ಹೋಗಿರುವುದೇ ಇಲ್ಲ. ಹೋದವರು ಮೊರಾಕೊದ ಮಿನಾರಿನ ಮುಂದೆ ಒಂದು ಫೋಟೋ ತೆಗೆಸಿಕೊಂಡು ಮುಂದಿನ ದೇಶಕ್ಕೆ ಓಡಿರುತ್ತಾರೆ.

ಹೌದು, ಮೊರಾಕೊದ ಮಾರಕೇಶ್ ಪಟ್ಟಣದಲ್ಲಿರುವ ಕುತುಬಿಯಾ ಮಸೀದಿಯ ಮಿನಾರನ್ನು ಎಪ್ಕಾಟ್‌ನಲ್ಲಿ ಚಿಕ್ಕದಾಗಿ ಕಟ್ಟಿದ್ದಾರೆ. ಅದೇ ದೇಶದ ಫೆಜ್ ಪಟ್ಟಣದಲ್ಲಿರುವ ಹಾಗೆ ಸಾಮಾನು ಹೊರುವ ಕತ್ತೆಗಳಿಲ್ಲ. ಚರ್ಮ ಹದ ಮಾಡುವ ವಾಸನೆ ಇಲ್ಲ. ಫೆಜ್ ನೋಡಬೇಕಾದರೆ ಫೆಜ್‌ಗೇ ಹೋಗಬೇಕು. ಅಲ್ಲಿನ ಪ್ರಸಿದ್ಧ ಬಾಬ್ ಬೂ ಜಲೂದ್ ಹೆಬ್ಬಾಗಿಲಿನ ಮಾದರಿಯೂ ಎಪ್ಕಾಟ್‌ನಲ್ಲಿದೆ. ಆದರೆ ಅಸಲಿ ಬಾಗಿಲು ಸಾವಿರ ವರ್ಷ ಹಳೆಯದು ಅಂದುಕೊಳ್ಳಬೇಡಿ. ಈಗ ನಿಂತಿರುವುದು 1913ರದ್ದು, ಫ್ರೆಂಚರು ಬಂದ ಮೇಲೆ ಕಟ್ಟಿದ್ದು. ಎಪ್ಕಾಟ್‌ನ ಮೊರಾಕೊ ತೆರೆದದ್ದು 1984ರಲ್ಲಿ. ನಡುವೆ ಎಪ್ಪತ್ತೊಂದೇ ವರ್ಷ.

ನನ್ನ ಸೋದರಮಾವ ನಲವತ್ತು ವರ್ಷ ಗಾರೆ ಕೆಲಸ ಮಾಡಿದವರು. ನಮ್ಮಲ್ಲಿಗೆ ಬಂದಿದ್ದಾಗ ಒಂದು ದಿನ ಎಪ್ಕಾಟ್‌ಗೆ ಕರೆದುಕೊಂಡು ಹೋದೆ. ಬೇರೆ ದೇಶಗಳಲ್ಲಿ ಸುಮ್ನೆ ನಡೆದರು. ಮೊರಾಕೊದಲ್ಲಿ ಗೋಡೆಗೆ ಅಂಗೈ ಇಟ್ಟು ನಿಂತುಬಿಟ್ಟರು.

"ಇದು ಪ್ರಿಂಟ್ ಮಾಡಿದ ಟೈಲ್ಸ್ ಅಲ್ಲ ಕಣೋ. ಒಂದೊಂದೂ ಬೇರೆ ಬೇರೆ ಚೂರು. ಇದನ್ನ ಹಾಕಿದ್ದು ಯಾರಪ್ಪಾ?"

ಇಷ್ಟು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ! ಮೊರಾಕೊದ ಆಗಿನ ದೊರೆ ಎರಡನೇ ಹಸನ್ ಇದಕ್ಕಾಗಿ ತನ್ನ ದೇಶದ ಕೆಲಸಗಾರರನ್ನೇ ಕಳಿಸಿದ್ದರು ಅಂತ ಹೇಳಿದೆ. ಈ ಕೆಲಸಕ್ಕೆ ಜೆಲ್ಲಿಜ್ ಅಂತ ಹೆಸರು. ಹೊಳಪು ಕೊಟ್ಟು ಸುಟ್ಟ ಮಣ್ಣಿನ ಬಿಲ್ಲೆಯನ್ನು ಸುತ್ತಿಗೆಯಲ್ಲಿ ಒಂದೊಂದಾಗಿ ಕೆತ್ತುತ್ತಾರೆ. ಹಳೆಯ ಪದ್ಧತಿಯಲ್ಲಿ ಬಣ್ಣದ ಮುಖ ಕೆಳಗೆ ಮಾಡಿ ಆ ಚೂರುಗಳನ್ನು ನೆಲದ ಮೇಲೆ ಜೋಡಿಸುತ್ತಾರೆ. ಬೆನ್ನಿನ ಕಡೆಯಿಂದ ಗಾರೆ ಸುರಿದು, ಗಟ್ಟಿಯಾದ ಮೇಲೆ ಎತ್ತಿ ಗೋಡೆಗೆ ಕೂರಿಸುತ್ತಾರೆ.

"ಹಾಗಾದ್ರೆ ಜೋಡಿಸುವಾಗ ಬಣ್ಣವೇ ಕಾಣಲ್ಲ?"

"ಕಾಣಲ್ಲ ಮಾವ. ಎತ್ತಿದಾಗಲೇ ಗೊತ್ತಾಗೋದು."

ಅವರು ಏನೂ ಹೇಳಲಿಲ್ಲ. ಒಂದು ನಕ್ಷತ್ರದ ಮೂಲೆಗಳನ್ನು ಬೆರಳಿಟ್ಟು ಎಣಿಸತೊಡಗಿದರು. ಮಕ್ಕಳು ಪಕ್ಕದ ಫ್ರಾನ್ಸ್‌ಗೆ ಹೋಗೋಣ, ಐಸ್‌ಕ್ರೀಮ್ ಕೊಡಿಸಿ ಅಂತ ಎಳೆಯುತ್ತಿದ್ದರು. "ನೀವು ಹೋಗಿ ಬನ್ನಿ" ಅಂದರು ಮಾವ. ನಾವು ಫ್ರಾನ್ಸ್, ಇಂಗ್ಲೆಂಡ್ ಎರಡೂ ಮುಗಿಸಿ ವಾಪಸ್ ಬಂದಾಗ ಅವರು ಇನ್ನೊಂದು ಗೋಡೆಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದರು. ಸಂದುಗಳ ಮೇಲೆ ಮೆಲ್ಲಗೆ ಉಗುರು ಆಡಿಸುತ್ತಿದ್ದರು.