1968ರ ನಂತರವೂ ದುಡಿದ ಗಣಿಯ ಉಗಿ ಎಂಜಿನ್‌ಗಳು

ಬ್ರಿಟನ್ನಿನ ಮುಖ್ಯ ರೈಲುಮಾರ್ಗಗಳಲ್ಲಿ ಉಗಿ ಎಂಜಿನ್‌ಗಳ ನಿತ್ಯದ ಓಡಾಟ 1968ರ ಆಗಸ್ಟ್‌ನಲ್ಲಿ ನಿಂತಿತು. ಕಲ್ಲಿದ್ದಲು ಗಣಿಗಳ ಹಳಿಗಳ ಮೇಲೆ ಮಾತ್ರ ಅವು 1980ರ ದಶಕದವರೆಗೂ ದುಡಿದವು. ಇಂಧನ ಅಲ್ಲೇ ಸಿಗುತ್ತಿತ್ತು, ಎಂಜಿನ್‌ಗಳೂ ಗಟ್ಟಿಯಾಗಿದ್ದವು.

ಅವುಗಳಲ್ಲಿ ನನಗೆ ಅಚ್ಚುಮೆಚ್ಚು ಹನ್ಸ್ಲೆಟ್ ಕಂಪನಿಯ ‘ಆಸ್ಟೆರಿಟಿ’. ಯುದ್ಧದ ಅಗತ್ಯಕ್ಕೆಂದು 1943ರಲ್ಲಿ ಬಂದದ್ದು. ಕೊನೆಯವು ತಯಾರಾದದ್ದು 1964ರಲ್ಲಿ. ಆರು ಚಕ್ರ, ಒಂದೊಂದರ ವ್ಯಾಸ 4 ಅಡಿ 3 ಇಂಚು. 18 ಇಂಚು ವ್ಯಾಸ, 26 ಇಂಚು ಸ್ಟ್ರೋಕಿನ (ಪಿಸ್ಟನ್ ಚಲಿಸುವ ದೂರ) ಎರಡು ಸಿಲಿಂಡರ್. ವೇಗ ಕಡಿಮೆ, ಎಳೆತ ಜೋರು.

ನೀರಿನ ಟ್ಯಾಂಕ್ ಕುದುರೆಯ ಜೀನಿನಂತೆ ಬಾಯ್ಲರ್ ಮೇಲೆ ಕೂತಿರುತ್ತದೆ. ತೂಕವೆಲ್ಲ ಎಳೆಯುವ ಚಕ್ರಗಳ ಮೇಲೇ ಬೀಳುವುದರಿಂದ ಹಿಡಿತ ಚೆನ್ನಾಗಿರುತ್ತದೆ. ತೊಂದರೆಯೂ ಅಲ್ಲೇ. ಎಂಜಿನ್ ಬಹಳ ಹೊತ್ತು ನಿಂತರೆ ಟ್ಯಾಂಕಿನ ನೀರು ಬಿಸಿಯಾಗುತ್ತದೆ. ಬಾಯ್ಲರಿಗೆ ನೀರು ತಳ್ಳುವ ಇಂಜೆಕ್ಟರ್ ಕೆಲಸ ಮಾಡಲು ಅದರೊಳಗಿನ ಉಗಿ ತಣ್ಣೀರಿಗೆ ತಾಗಿ ಕರಗಬೇಕು. ನೀರೇ ಬಿಸಿಯಾದರೆ ಉಗಿ ಕರಗದು, ನೀರು ಓವರ್‌ಫ್ಲೋ ಕೊಳವೆಯಿಂದ ಹೊರಗೆ ಸುರಿಯುತ್ತದೆ. ಆಗ ಇಂಜೆಕ್ಟರ್ ಮೈಮೇಲೆ ತಣ್ಣೀರು ಹುಯ್ಯಬೇಕು, ಟ್ಯಾಂಕಿಗೂ ಹೊಸ ನೀರು ತುಂಬಬೇಕು. ಬಾಯ್ಲರಿನ ನೀರಿನ ಮಟ್ಟ ತೋರಿಸುವ ಗೇಜ್ ಗ್ಲಾಸಿನ ಮೇಲಿಂದ ಕಣ್ಣು ತಪ್ಪಲೇಬಾರದು: ಬೆಂಕಿ ಉರಿಯುವ ಪೆಟ್ಟಿಗೆಯಾದ ಫೈರ್‌ಬಾಕ್ಸಿನ ಮಾಡಿಗಿಂತ ನೀರು ಕೆಳಗಿಳಿದರೆ ಅಲ್ಲಿರುವ ಪ್ಲಗ್ಗಿನ ಸೀಸ ಕರಗಿ ಉಗಿ ನೇರವಾಗಿ ಬೆಂಕಿಗೆ ನುಗ್ಗುತ್ತದೆ.

ಹೊಗೆಯ ದೂರು ಹೆಚ್ಚಿದಾಗ, 1960ರ ದಶಕದಲ್ಲಿ, ಹನ್ಸ್ಲೆಟ್ ಒಂದು ಜಾಣ ಉಪಾಯ ಮಾಡಿತು. ಬೆಂಕಿಯ ಅಡಿಗೆ ಗಾಳಿ ಕಡಿಮೆ ಕೊಟ್ಟು, ಮೇಲಿನಿಂದ ಹೆಚ್ಚು ಗಾಳಿ ಬಿಟ್ಟು, ಕಲ್ಲಿದ್ದಲಿನ ಅನಿಲ ಹೊಗೆಯಾಗುವ ಮೊದಲೇ ಉರಿಯುವಂತೆ ಮಾಡಿತು. ಜೊತೆಗೆ ಬಂದ, ಬೆಂಕಿಗೆ ಕಲ್ಲಿದ್ದಲು ತಳ್ಳುವ ಯಾಂತ್ರಿಕ ಸ್ಟೋಕರ್ ಮಾತ್ರ ಅಷ್ಟು ಬಾಳಲಿಲ್ಲ. ಹಲವು ಕಡೆ ಅದನ್ನು ಕಳಚಿ ಮತ್ತೆ ಸಲಿಕೆ ಹಿಡಿದರು.